ಕೈಗೆ ಸಿಗದ ಕಾಳು

ನಾನು ಡಾಕ್ಟರಾಗುತ್ತೇನೆ ಎಂದು ತಿಳಿದಾಗ ನಮ್ಮ ಓಣಿಯವರೆಲ್ಲ ನಾನು ಹೆರಿಗೆ ಮಾಡಿಸುತ್ತೇನೆ ಎಂದುಕೊಂಡರು. ಎಪ್ಪತ್ತರ ದಶಕದ ಬೆಳಗಾವಿಯಲ್ಲಿ ಹೆಣ್ಣು ಡಾಕ್ಟರಿಗೆ ಬೇರೆ ಕೆಲಸ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಆದರೆ ಮುಂದೆ ಓದಲು ಹೆರಿಗೆ ವಿಭಾಗದಲ್ಲಿ ಸೀಟು ಸಿಗಲಿಲ್ಲ. ಕ್ಷ-ಕಿರಣ ವಿಭಾಗದಲ್ಲಿ ಸಿಕ್ಕಿತು. ಅಲ್ಲಿ ಸೀಟು ಖಾಲಿ ಇತ್ತು, ಏಕೆಂದರೆ ಅದನ್ನು ಯಾರೂ ಕೇಳಿರಲಿಲ್ಲ.

ಅಪ್ಪನಿಗೆ ಖಡೇಬಜಾರಿನಲ್ಲಿ ಸೀರೆ ಅಂಗಡಿ. ಗಾದಿಯ ಮೇಲೆ ಕುಳಿತು ಮಡಿಕೆ ಬಿಚ್ಚಿದ ಸೀರೆಗಳನ್ನು ಮತ್ತೆ ಮಡಿಚುತ್ತ ಅವರು ನನ್ನನ್ನು ವಿಚಾರಿಸಿದರು.

"ಅಂದ್ರ ನೀ ಏನ್ ಮಾಡ್ತಿ?"

"ಎಕ್ಸ್‌ರೇ ನೋಡ್ತೀನಿ ಅಪ್ಪಾ."

"ತೆಗಿಯವ್ರು ಯಾರು?"

"ತೆಗಿಯಾಕ ಬ್ಯಾರೆ ಮಂದಿ ಇರ್ತಾರ."

"ಔಷಧ ಕೊಡವ್ರು?"

"ಅದಕ್ಕೂ ಬ್ಯಾರೆ ಡಾಕ್ಟರ್ ಇರ್ತಾರ."

ಅಪ್ಪ ಒಂದು ಸೀರೆ ಪೂರ್ತಿ ಮಡಿಚಿ ಪಕ್ಕಕ್ಕಿಟ್ಟರು. "ಹಂಗಾರ ನೀ ಬರೇ ನೋಡ್ತಿ."

"ಹೂಂ."

"ನೋಡಾಕ ಇಷ್ಟ ವರ್ಷ ಓದಬೇಕೇನವಾ?"

ಅಂದಿನಿಂದ ಗಿರಾಕಿಗಳು ಕೇಳಿದರೆ ಅವರು, "ಮಗಳು ಫೋಟೋ ಡಾಕ್ಟರ್ ಅದಾಳ್ರಿ" ಎನ್ನುತ್ತಿದ್ದರು. ಗಿರಾಕಿಗಳು ಮತ್ತೇನೂ ಕೇಳುತ್ತಿರಲಿಲ್ಲ. ಮಾತು ಸೀರೆಗೆ ವಾಪಸಾಗುತ್ತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ದಿನದ ಹೆಚ್ಚಿನ ಹೊತ್ತು ಕೆಂಪು ಗಾಜಿನ ದಪ್ಪ ಕನ್ನಡಕ ಹಾಕಿಕೊಂಡೇ ಇರುತ್ತಿದ್ದರು. ಆಗ ಜಠರ, ಕರುಳು ಮುಂತಾದವನ್ನು ಕತ್ತಲೆ ಕೋಣೆಯಲ್ಲಿ ಹಸಿರಾಗಿ ಮಿನುಗುವ ಪರದೆಯ ಮೇಲೆ ನೋಡಬೇಕಿತ್ತು. ಬಿಸಿಲಿನಿಂದ ನೇರ ಒಳಗೆ ಹೋದವನಿಗೆ ಅಲ್ಲಿ ಏನೂ ಕಾಣುವುದಿಲ್ಲ. ಅದಕ್ಕೆ ಮೊದಲೇ ಕೆಂಪು ಕನ್ನಡಕ ಹಾಕಿಕೊಂಡು ಕಣ್ಣನ್ನು ಕತ್ತಲೆಗೆ ಒಗ್ಗಿಸಿಕೊಳ್ಳಬೇಕು. ಮುಖ್ಯಸ್ಥರು ಅದನ್ನು ಹಾಕಿಕೊಂಡೇ ಚಹಾ ಕುಡಿಯುತ್ತಿದ್ದರು, ಪೇಪರು ಓದುತ್ತಿದ್ದರು, ಡೀನ್ ಕರೆದರೆ ಹೋಗುತ್ತಿದ್ದರು. ನನಗೂ ಒಂದು ಕನ್ನಡಕ ಕೊಟ್ಟರು.

ನನ್ನನ್ನು ನೋಡಲು ವರನ ಕಡೆಯವರು ಬಂದ ದಿನವೂ ಅದು ನನ್ನ ಮುಖದ ಮೇಲೆ ಇತ್ತು. ಅವರು ಹೇಳದೆ ಕೇಳದೆ ಆಸ್ಪತ್ರೆಯ ಕ್ಯಾಂಟೀನಿಗೇ ಬಂದಿದ್ದರು, ವರ ಮತ್ತು ಅವರ ಅಕ್ಕ. ಇನ್ನು ಸ್ವಲ್ಪ ಹೊತ್ತಿಗೆ ನನಗೆ ಕತ್ತಲೆ ಕೋಣೆಯಲ್ಲಿ ಕೆಲಸ. ಕನ್ನಡಕ ತೆಗೆದರೆ ಮತ್ತೆ ಮೊದಲಿನಿಂದ ಕಾಯಬೇಕು, ಒಳಗೆ ರೋಗಿ ಬೆಳಗಿನಿಂದ ಉಪವಾಸ ಇದ್ದಾನೆ. ತೆಗೆಯಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ವರ ಚಹಾ ಮುಗಿಸಿ ಕೇಳಿದರು.

"ನಾ ಈಗ ನಿಮಗ ಕೆಂಪ ಕಾಣಾಕತ್ತೇನೇನ್ರಿ?"

"ಎಲ್ಲಾರೂ ಕೆಂಪ ಕಾಣ್ತಾರ್ರಿ."

"ಎಲ್ಲಾರೂ ಅಂದ್ರ ಅಡ್ಡಿಯಿಲ್ಲ ಬಿಡ್ರಿ."

ಹುಡುಗಿಗೆ ಕಣ್ಣಿನ ಬೇನೆ ಇದೆ ಎಂದು ಅಕ್ಕ ಮನೆಗೆ ಹೋಗಿ ಹೇಳಿದರಂತೆ. ಮದುವೆ ಆಯಿತು.

ಕೆಲವು ವರ್ಷಗಳ ನಂತರ ನಾನು ಕೆಲಸಕ್ಕಿದ್ದ ಆಸ್ಪತ್ರೆಗೆ ಒಬ್ಬ ವ್ಯಾಪಾರಿಗಳು ತಮ್ಮ ತೀರಿಕೊಂಡ ಹೆಂಡತಿಯ ನೆನಪಿಗೆ ಒಂದು ಯಂತ್ರ ಕೊಡಿಸಲು ಮುಂದೆ ಬಂದರು. ಆ ತಾಯಿ ಸ್ತನದ ಕ್ಯಾನ್ಸರಿನಿಂದ ಹೋಗಿದ್ದರು. ಅದನ್ನು ಬೇಗ ಕಂಡುಹಿಡಿಯುವ ಮ್ಯಾಮೋಗ್ರಫಿ ಎಂಬ ಎಕ್ಸ್‌ರೇ ಯಂತ್ರ ಮುಂಬಯಿಯಲ್ಲಿ ಇದೆ ಎಂದು ಅವರಿಗೆ ಯಾರೋ ಹೇಳಿದ್ದರು. ಯಂತ್ರ ಬಂದರೆ ಅದನ್ನು ಓದಬಲ್ಲವರು ಬೇಕಲ್ಲ. ನನ್ನನ್ನು ಕಲಿಯಲು ಮುಂಬಯಿಗೆ ಕಳಿಸಿದರು. ನನ್ನ ಜಾಣತನ ನೋಡಿ ಕಳಿಸಿದರು ಎಂದು ಹೇಳಿಕೊಳ್ಳಬಹುದಿತ್ತು. ವಿಭಾಗದಲ್ಲಿ ಹೆಂಗಸು ನಾನೊಬ್ಬಳೇ ಇದ್ದೆ.

ಬೆಳಗಾವಿಯಿಂದ ಸಣ್ಣ ಹಳಿಯ ಗಾಡಿಯಲ್ಲಿ ಮಿರಜಿಗೆ ಹೋಗಿ, ಅಲ್ಲಿ ದೊಡ್ಡ ಹಳಿಯ ಗಾಡಿ ಹತ್ತಿ ಮುಂಬಯಿ ಸೇರಿದೆ. ಕಲಿಸುವವರು ಒಬ್ಬ ಹಿರಿಯ ಪಾರ್ಸಿ ಡಾಕ್ಟರಬಾಯಿ. ಮೊದಲ ದಿನ ಅವರು ನನ್ನ ಹೆಸರು ಕೇಳಿ, ಊರು ಕೇಳಿ, ಆಮೇಲೆ ಪಕ್ಕದ ಕೋಣೆಗೆ ಹೋಗಿ ಕುಪ್ಪಸ ತೆಗೆದು ಯಂತ್ರದ ಮುಂದೆ ನಿಲ್ಲು ಎಂದರು. ಅಲ್ಲಿ ಕಲಿಯಲು ಬಂದ ಪ್ರತಿ ಹೆಂಗಸಿಗೂ ಮೊದಲ ಪಾಠ ಅದೇ. ಕೆಳಗೊಂದು ತಟ್ಟೆ, ಮೇಲೊಂದು ತಟ್ಟೆ. ನಡುವೆ ಇಟ್ಟು ಮೇಲಿನದನ್ನು ಇಳಿಸುತ್ತ ಹೋಗುತ್ತಾರೆ. ಇನ್ನು ಸಾಕು ಎನ್ನಿಸಿದ ಮೇಲೂ ಸ್ವಲ್ಪ ಇಳಿಸುತ್ತಾರೆ. ಚಪ್ಪಟೆಯಾದಷ್ಟೂ ಚಿತ್ರ ಸ್ಪಷ್ಟ. ನಾನು ಉಸಿರು ಹಿಡಿದು ನಿಂತಾಗ ಅವರು ಹಿಂದಿಯಲ್ಲಿ, "ನೋವಾಯಿತೆ?" ಎಂದರು. ಸ್ವಲ್ಪ ಎಂದೆ. "ಇನ್ನು ಮೇಲೆ ಯಾರಿಗೂ ನೋವಾಗುವುದಿಲ್ಲ ಎಂದು ಸುಳ್ಳು ಹೇಳಬೇಡ" ಎಂದರು. ಅದು ಎರಡನೆಯ ಪಾಠ.

ಮೂರನೆಯ ಪಾಠಕ್ಕೆ ತಿಂಗಳುಗಳೇ ಹಿಡಿದವು. ಬೆಳಕಿನ ಪೆಟ್ಟಿಗೆಯ ಮುಂದೆ ಕುಳಿತು ಭೂತಗನ್ನಡಿ ಹಿಡಿದು ಹಳೆಯ ಫಿಲ್ಮುಗಳನ್ನು ನೋಡುವುದು. ಗಂಟು ದೊಡ್ಡದಾಗಿದ್ದರೆ ಯಾರಿಗಾದರೂ ಕಾಣುತ್ತದೆ. ಡಾಕ್ಟರಬಾಯಿಯವರಿಗೆ ಬೇಕಿದ್ದದ್ದು ಸುಣ್ಣದ ಕಾಳುಗಳು. ಕೆಲವು ಕ್ಯಾನ್ಸರುಗಳು ಗಂಟಾಗುವುದಕ್ಕೂ ಎಷ್ಟೋ ಮೊದಲು ಅತಿ ಸಣ್ಣ ಸುಣ್ಣದ ಕಾಳುಗಳ ಗುಂಪಾಗಿ ಫಿಲ್ಮಿನಲ್ಲಿ ಕಾಣಿಸಿಕೊಳ್ಳುತ್ತವೆ. ಕೈಗೆ ಸಿಗುವುದಿಲ್ಲ, ನೋಯುವುದಿಲ್ಲ. ಅವರು ಕಪ್ಪು ಕಾಗದದ ಮೇಲೆ ಪುಡಿ ಉಪ್ಪು ಉದುರಿಸಿ, ದೂರ ನಿಲ್ಲಿಸಿ, ಎಲ್ಲಿ ಗುಂಪಾಗಿದೆ ತೋರಿಸು ಎನ್ನುತ್ತಿದ್ದರು. ಹಾಸ್ಟೆಲಿನಲ್ಲಿ ಊಟಕ್ಕೆ ಕುಳಿತರೂ ನನ್ನ ಕಣ್ಣು ತಟ್ಟೆಯ ಅಂಚಿನ ಉಪ್ಪಿನ ಮೇಲೆಯೇ ಇರುತ್ತಿತ್ತು. ಊಟದ ರುಚಿ ನೆನಪಿಲ್ಲ.

ನಾನು ಊರಿಗೆ ಬರುವಷ್ಟರಲ್ಲಿ ಯಂತ್ರ ಬಂದು ಕುಳಿತಿತ್ತು. ಬಾಗಿಲಿಗೆ ಬೋರ್ಡು ಬರೆಸಬೇಕಿತ್ತು, ಅದಕ್ಕೊಂದು ಸಭೆ ಕರೆದರು. 'ಸ್ತನ' ಎಂದು ಬರೆಯೋಣ ಎಂದು ನಾನು ಹೇಳಿದೆ. ಕಮಿಟಿಯ ಹಿರಿಯರೊಬ್ಬರು ಈ ಶಬ್ದ ಪುರಾಣದಲ್ಲಿ ನಡೆಯುತ್ತದೆ, ಬಾಗಿಲ ಮೇಲೆ ನಡೆಯುವುದಿಲ್ಲ ಎಂದರು. ಹಾಗಾದರೆ ಜನ ಆಡುವ ಮಾತನ್ನೇ ಬರೆಯೋಣ ಎಂದು ಆ ಮಾತನ್ನು ಹೇಳಿದೆ. ಹಿರಿಯರು ಎದ್ದು ಚಹಾ ಬಂತೇ ನೋಡುತ್ತೇನೆ ಎಂದು ಹೊರಗೆ ಹೋದವರು ಸಭೆ ಮುಗಿದ ಮೇಲೆ ಬಂದರು. ಕೊನೆಗೆ ಕನ್ನಡದಲ್ಲೂ ಮರಾಠಿಯಲ್ಲೂ 'ಎದೆಯ ವಿಶೇಷ ತಪಾಸಣೆ' ಎಂಬ ಅರ್ಥದ ಬೋರ್ಡು ಬಂತು.

ಮರುದಿನದಿಂದ ಕೆಮ್ಮುವ ಗಂಡಸರು ಬರತೊಡಗಿದರು. ಬೀಡಿ ಸೇದುವವರು, ದಮ್ಮಿನವರು, ಸಾಂಬ್ರಾ ಕಡೆಯಿಂದ ಬಂದ ಒಬ್ಬ ನಿವೃತ್ತ ಹವಾಲ್ದಾರರು. ಹವಾಲ್ದಾರರು ಅಂಗಿ ಬಿಚ್ಚಿ, ಎರಡು ತಟ್ಟೆಗಳನ್ನೂ ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಇದರಾಗ ಎದಿ ಹೆಂಗ ಇಡೂದ್ರಿ ಮೇಡಂ?"

"ಇದು ಹೆಣಮಕ್ಕಳದ್ರಿ. ನಿಮ್ಮದು ಬಾಜೂ ಖೋಲ್ಯಾಗ."

ಅವರು ಬಾಜೂ ಕೋಣೆಯ ಹಳೆಯ ಯಂತ್ರ ನೋಡಿ ಬೇಸರಪಟ್ಟರು. ಹೊಸದರಲ್ಲೇ ತೆಗೆದರೆ ಹೆಚ್ಚಿನ ದುಡ್ಡು ಕೊಡಲೂ ತಯಾರಿದ್ದರು.

ಹೆಂಗಸರು ಬರಲಿಲ್ಲ. ಬಂದ ಒಬ್ಬಿಬ್ಬರಿಗೆ ಯಂತ್ರವೇ ಬೇಕಾಗಿರಲಿಲ್ಲ. ಹಿಂಡಲಗಾ ಕಡೆಯ ಒಬ್ಬ ತಾಯಿ ಸೆರಗಿನೊಳಗೆ ಅರಿಸಿನ ಮೆತ್ತಿದ ಬಟ್ಟೆ ಒತ್ತಿ ಹಿಡಿದುಕೊಂಡು ಬಂದಿದ್ದರು. ಬಟ್ಟೆ ತೆಗೆದಾಗ ಬಂದ ವಾಸನೆಗೆ ಅವರೇ ಮುಖ ಆಚೆ ತಿರುಗಿಸಿಕೊಂಡರು. ಎಷ್ಟು ದಿನವಾಯಿತು ಎಂದು ಕೇಳಿದರೆ ಮಗಳ ಮದುವೆಗೂ ಮೊದಲಿನಿಂದ ಎಂದರು. ಮಗಳು ಪಕ್ಕದಲ್ಲಿ ಕೂಸು ಎತ್ತಿಕೊಂಡು ನಿಂತಿದ್ದಳು. ಅವಳಿಗೆ ಅಂದೇ ಗೊತ್ತಾದದ್ದು. ನಾನು ಆ ತಾಯಿಯನ್ನು ಸರ್ಜನ್ ಹತ್ತಿರ ಕಳಿಸಿ ಒಳಗೆ ಬಂದು ಕುಳಿತೆ. ಯಂತ್ರ ಹೊಸದಾಗಿ ಹೊಳೆಯುತ್ತಿತ್ತು.

ನನ್ನವರಿಗೆ ಆಗ ಖಾನಾಪುರದ ಶಾಖೆಗೆ ವರ್ಗವಾಗಿತ್ತು. ದಿನಾ ಪ್ಯಾಸೆಂಜರಿನಲ್ಲಿ ಹೋಗಿ ಬರುತ್ತಿದ್ದರು. ನಾನು ಮನೆಯಲ್ಲಿ ಅದೇ ಮಾತು ಆಡುವುದನ್ನು ಕೇಳಿ ಕೇಳಿ ಒಂದು ದಿನ, "ಅವ್ರು ಬರೂದಿಲ್ಲಂದ್ರ ನೀನ ಹೋಗಲ್ಲ" ಎಂದರು. ಖಾನಾಪುರದ ಸರಕಾರಿ ದವಾಖಾನೆಯ ನರ್ಸ್‌ಬಾಯಿ ಅವರ ಬ್ಯಾಂಕಿನ ಗಿರಾಕಿ. ಆಕೆ ಸಾಲೆಯ ಒಂದು ಕೋಣೆಯಲ್ಲಿ ಹೆಂಗಸರನ್ನು ಸೇರಿಸಿದರು. ನಾನು ಕನ್ನಡದಲ್ಲಿ ಹೇಳಿದ್ದನ್ನು ಆಕೆ ಮರಾಠಿಯಲ್ಲಿ ಹೇಳುತ್ತಿದ್ದರು. ನನ್ನ ಒಂದು ವಾಕ್ಯ ಆಕೆಯ ಬಾಯಲ್ಲಿ ನಾಲ್ಕಾಗುತ್ತಿತ್ತು, ಹೆಂಗಸರು ನಗುತ್ತಿದ್ದರು. ನಾನು ನಗುವಂಥದ್ದೇನೂ ಹೇಳಿರಲಿಲ್ಲ.

ಕೊನೆಗೆ ಯಾರಾದರೂ ಏನಾದರೂ ಕೇಳುವುದಿದೆಯೇ ಎಂದೆ. ಹಿಂದೆ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಹಿರಿಯಾಕೆ ಕೈ ಎತ್ತಿದರು. ಒಂಬತ್ತು ಗಜದ ಸೀರೆ, ಮುಂಗೈಯಿಂದ ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು. ಊರಿಗೆಲ್ಲ ಅವರು 'ಆಯಿ', ಅವ್ವ ಇದ್ದಂತೆ. ಅವರದು ಚುರುಮುರಿ ಭಟ್ಟಿ. ಕಾದ ಉಸುಕಿನಲ್ಲಿ ಅಕ್ಕಿ ಹುರಿದು ಚುರುಮುರಿ ಮಾಡುವ ಕೆಲಸವನ್ನು ಗಂಡ ಹೋದ ಮೇಲೂ ಅವರೇ ನಿಂತು ನಡೆಸಿಕೊಂಡು ಬಂದಿದ್ದರು. ಅವರ ಮಾತಿನಲ್ಲಿ ಕನ್ನಡ, ಮರಾಠಿ ಎರಡೂ ಇದ್ದವು. ವ್ಯವಹಾರಕ್ಕೆ ಕನ್ನಡ, ಬೈಯಲು ಮರಾಠಿ.

"ಬಾಯಿ, ಆ ಫೋಟೋ ಯಾರ ಕಡೆ ಇರ್ತೈತಿ?"

"ದವಾಖಾನ್ಯಾಗ ಇರ್ತೈತಿ ಆಯಿ. ಬೇಕಾದ್ರ ನೀವ ಒಯ್ಯಬಹುದು."

"ಕಾಜಿನ ಕಪಾಟಿಗೆ ಹಚ್ಚೂದಿಲ್ಲಲ್ಲಾ?"

ನನಗೆ ಅರ್ಥವಾಗಲಿಲ್ಲ. ನರ್ಸ್‌ಬಾಯಿ ಬಿಡಿಸಿ ಹೇಳಿದರು. ಸ್ಟೇಷನ್ ಹತ್ತಿರದ ಫೋಟೋ ಸ್ಟುಡಿಯೋದವನು ಈ ಆಯಿಯ ಮಗಳ ಮದುವೆಯ ಫೋಟೋ ಒಂದನ್ನು ಯಾರನ್ನೂ ಕೇಳದೆ ಅಂಗಡಿ ಮುಂದಿನ ಗಾಜಿನ ಕಪಾಟಿನಲ್ಲಿ ಹಚ್ಚಿಬಿಟ್ಟಿದ್ದ. ಅಳಿಯ ಹೋಗಿ ಜಗಳ ಮಾಡಿ ಬಂದಿದ್ದರು. ಫೋಟೋ ಇನ್ನೂ ಅಲ್ಲೇ ಇತ್ತು.

"ಈ ಫೋಟೋದಾಗ ಮಾರಿ ಬರೂದಿಲ್ಲ ಆಯಿ" ಎಂದೆ. "ಯಾರದಂತ ಯಾರಿಗೂ ಗೊತ್ತಾಗೂದಿಲ್ಲ. ನಿಮ್ಮದು ನಿಮಗ ತೋರಿಸಿದ್ರೂ ಗುರ್ತ ಸಿಗೂದಿಲ್ಲ."

"ನನಗ ಗುರ್ತ ಸಿಗದಿದ್ರ ನಿಮಗ ಹೆಂಗ ಸಿಗತೈತಿ?"

"ಬಾಜೂಕ ಸೀಸದ ನಂಬರ್ ಇಟ್ಟಿರ್ತೀವಿ. ಅದೂ ಫೋಟೋದಾಗ ಬರ್ತೈತಿ."

"ಅದಲಾಬದಲಿ ಆದ್ರ?"

"ಆಗೂದಿಲ್ಲ."

"ಪೋಸ್ಟಿನವ್ರೂ ಹಂಗ ಅಂತಾರ" ಎಂದು ಆಯಿ ಎದ್ದು ಸೀರೆ ಝಾಡಿಸಿಕೊಂಡು ಹೊರಟರು. ಸಭೆ ಮುಗಿಯಿತು. ಗಾಡಿಯಲ್ಲಿ ವಾಪಸು ಬರುವಾಗ ನನ್ನವರು, "ಹೆಂಗಾತು?" ಎಂದರು. ಚೆನ್ನಾಗಿ ನಕ್ಕರು ಎಂದೆ.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅದೇ ಆಯಿ ನನ್ನ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಅವರ ಸೊಸೆ, ಲೋಂಡಾ ಕಡೆಯ ಹುಡುಗಿ, ಇಪ್ಪತ್ತರ ಆಚೀಚೆ. ತುಟಿ ಒಣಗಿ ಬಿಳಿಚಿದ್ದಳು. ಅವಳ ಎದೆಯಲ್ಲಿ ಗಂಟು ಸಿಕ್ಕು ಬಹಳ ದಿನವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಅವಳ ಸೋದರತ್ತೆ ಇದೇ ರೋಗದಲ್ಲಿ ಹೋಗಿದ್ದರಂತೆ, ಅದನ್ನು ಕಣ್ಣಾರೆ ನೋಡಿದ್ದಳಂತೆ. ಊಟ ಬಿಟ್ಟಿದ್ದಳು. ಸೊಸೆ ಊಟ ಬಿಟ್ಟದ್ದು ಬಸಿರಿಗೆ ಎಂದು ಆಯಿ ಸಂತೋಷಪಟ್ಟುಕೊಂಡಿದ್ದರು, ಕೂಡಿಸಿಕೊಂಡು ಕೇಳಿದಾಗ ಈ ಸಂಗತಿ ಹೊರಗೆ ಬಂತು.

ನಾನು ಕೈಯಿಂದ ನೋಡಿದೆ. ಗಂಟು ಗಜ್ಜುಗದಂತೆ ಬೆರಳ ಕೆಳಗೆ ಜಾರುತ್ತಿತ್ತು. ಆ ವಯಸ್ಸಿನಲ್ಲಿ ಅಂಥ ಗಂಟು ಹೆಚ್ಚಾಗಿ ನಿರುಪದ್ರವಿ. ನನಗಿಂತ ಮೊದಲು ಅವಳನ್ನು ನೋಡಿದ್ದ ಸರ್ಜನ್ ಒಂದು ಫಿಲ್ಮು ತೆಗೆಯಿರಿ ಎಂದು ಬರೆದಿದ್ದರು. ಆದರೆ ಹುಡುಗಿ ಯಂತ್ರ ನೋಡಿದ್ದೇ ಸೆರಗು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಹತ್ತಿ ನಿಂತುಬಿಟ್ಟಳು. ಹೇಳಿದೆ, ಪುಸಲಾಯಿಸಿದೆ. ಗೋಡೆ ಬಿಡಲಿಲ್ಲ.

"ಅಗ ಪೋರಿ!" ಎಂದರು ಆಯಿ. ಆಮೇಲೆ ನನ್ನ ಕಡೆ ತಿರುಗಿ, "ಬಾಯಿ, ಮೊದಲ ನನ್ನದ ತೆಗೀರಿ. ಇಕಿ ನೋಡ್ಲಿ, ಸಾಯ್ತೇನೋ ಬದುಕ್ತೇನೋ" ಎಂದು ಕುಪ್ಪಸದ ಗಂಟು ಬಿಚ್ಚತೊಡಗಿದರು.

ಅವರನ್ನು ನಿಲ್ಲಿಸಿ ತಟ್ಟೆ ಇಳಿಸಿದೆ. ಆಯಿ ತಲೆ ಎತ್ತಿ ಸೊಸೆಯನ್ನೇ ನೋಡುತ್ತ, "ನೋಡ್, ಏನೂ ಆಗೂದಿಲ್ಲ. ಇನ್ನೂ ಬಿಗಿ ಮಾಡ್ರಿ ಬಾಯಿ" ಎಂದರು. ಬಿಗಿ ಮಾಡಿದೆ.

"ಕಣ್ಣಾಗ ನೀರ ಯಾಕ ಬಂದ್ವು ಅತ್ತಿ?" ಎಂದಳು ಸೊಸೆ.

"ಅದು ಹೊಗಿಗೆ."

ಕೋಣೆಯಲ್ಲಿ ಹೊಗೆ ಇರಲಿಲ್ಲ. ಆದರೂ ಹುಡುಗಿ ಗೋಡೆ ಬಿಟ್ಟು ಬಂದಳು. ಅವಳದೂ ತೆಗೆದೆವು.

ಬೆಳಗಾವಿಯ ಮಳೆಗಾಲದಲ್ಲಿ ಫಿಲ್ಮು ಒಣಗುವುದಿಲ್ಲ. ಟೇಬಲ್ ಫ್ಯಾನಿನ ಮುಂದೆ ಬಟ್ಟೆ ಹಾಕಿದಂತೆ ತೂಗುಹಾಕಿ ಕಾಯುತ್ತಿದ್ದೆವು. ನಾನು ಕಾಯಲಾರದೆ ಒದ್ದೆ ಇರುವಾಗಲೇ ಬೆಳಕಿಗೆ ಹಿಡಿದೆ. ಸೊಸೆಯ ಫಿಲ್ಮಿನಲ್ಲಿ ಭಯಪಡುವಂಥದ್ದೇನೂ ಇರಲಿಲ್ಲ. ಅತ್ತೆಯ ಎಡಗಡೆಯ ಫಿಲ್ಮಿನಲ್ಲಿ, ತೋಳಿನ ಕಡೆ ಮೇಲ್ಭಾಗದಲ್ಲಿ, ಒಂದು ಚಿಟಿಕೆ ಬಿಳಿ ಕಾಳುಗಳು ಗುಂಪಾಗಿ ಕುಳಿತಿದ್ದವು.

ನನಗೆ ಮೊದಲು ಹೊಳೆದದ್ದು ಉಸುಕು. ಚರ್ಮಕ್ಕೆ ಪೌಡರೋ ಮಣ್ಣೋ ಅಂಟಿದ್ದರೆ ಫಿಲ್ಮಿನಲ್ಲಿ ಹೀಗೆಯೇ ಕಾಣುತ್ತದೆ ಎಂದು ಮುಂಬಯಿಯಲ್ಲಿ ಹೇಳಿದ್ದರು. ಈ ಹೆಂಗಸು ದಿನವಿಡೀ ಉಸುಕಿನ ಮುಂದೆ ಕೂರುತ್ತಾರೆ. ಉಸುಕೇ ಇರಲಿ ಎಂದುಕೊಳ್ಳುತ್ತ ಹೊರಗೆ ಬಂದೆ.

"ಆಯಿ, ಸಬಕಾರ ಹಚ್ಚಿ ಸ್ವಲ್ಪ ಮೈ ತೊಳಕೊಂಡ ಬರ್ರಿ. ಇನ್ನೊಮ್ಮೆ ತೆಗಿಯೂಣು."

ಆಯಿಗೆ ಸಿಟ್ಟು ಬಂತು. "ಜಳಕಾ ಮಾಡ್ಕೊಂಡ ಗಾಡಿ ಹತ್ತೀನಿ. ಹೊಲಸ ಬಂದೀನಂತ ತಿಳದೀರೇನು?" ಮುಂದಿನದು ಮರಾಠಿಯಲ್ಲಿ ಬಂತು. ಆದರೂ ಹೋಗಿ ತೊಳೆದುಕೊಂಡು ಬಂದರು. ಮತ್ತೆ ತೆಗೆದೆ, ಈ ಸಲ ಬೇರೆ ಮಗ್ಗುಲಿನಿಂದ. ಕಾಳುಗಳು ಇದ್ದಲ್ಲೇ ಇದ್ದವು. ಚರ್ಮದ ಮೇಲಲ್ಲ, ಒಳಗೆ.

ಮುಖ್ಯಸ್ಥರಿಗೆ ತೋರಿಸಿದೆ. ನನ್ನ ಹಿಂದೆಯೇ ಅವರೂ ಈ ಆಸ್ಪತ್ರೆಗೆ ಬಂದಿದ್ದರು, ಕೆಂಪು ಕನ್ನಡಕದ ಕಾಲ ಮುಗಿದು ಈಗ ಸಾದಾ ಕನ್ನಡಕದಲ್ಲಿದ್ದರು. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಉಸುಕಲ್ಲ ಬಿಡು ತಂಗಿ" ಎಂದು ಕನ್ನಡಿ ಕೆಳಗಿಟ್ಟರು.

ಸರ್ಜನ್ ಊರಿನಲ್ಲಿ ಹೆಸರಾದವರು. ದೊಡ್ಡ ಕೈ, ಒಳ್ಳೆಯ ಕೈ. ಆಯಿಯನ್ನು ಮಲಗಿಸಿ, ಕೂರಿಸಿ, ಕೈ ಎತ್ತಿಸಿ ನೋಡಿದರು. ಹೊರಗೆ ಬಂದು ಕೈ ತೊಳೆಯುತ್ತ ಹೇಳಿದರು.

"ಏನೂ ಇಲ್ರಿ ಮೇಡಂ."

"ಕೈಗೆ ಸಿಗೂದಿಲ್ಲ ಸರ್. ಫಿಲ್ಮಿನ್ಯಾಗ ಅದಾವ."

"ನನ್ನ ಕೈಗೆ ಸಿಗದಿದ್ದನ್ನ ನಾ ಹೆಂಗ ತೆಗೀಲಿ? ನಾಳೆ ಯಾರರ ಕೇಳಿದ್ರ ಏನಂತ ಹೇಳ್ಲಿ, ಕಾಳ ಕಂಡ್ವು, ಕೊಯ್ದೆ ಅಂತ ಹೇಳ್ಲೇನು?"

ಅಲ್ಲಿಗೆ ಸೂಜಿ ಇಟ್ಟು ಜಾಗ ತೋರಿಸುತ್ತೇನೆ, ಮುಂಬಯಿಯಲ್ಲಿ ಮಾಡಿದ್ದೇನೆ ಎಂದೆ. ಅವರು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ, "ಪೇಶಂಟ್ ಹೂಂ ಅಂದ್ರ ನೋಡೂಣು" ಎಂದರು. ಹೂಂ ಅನ್ನುವುದಿಲ್ಲ ಎಂದು ಅವರಿಗೆ ಖಾತ್ರಿ ಇತ್ತು. ನನಗೂ ಹಾಗೇ ಅನ್ನಿಸಿತ್ತು.

ಆಯಿಗೆ ಎಲ್ಲವನ್ನೂ ಹೇಳಿದೆ. ನನ್ನ ಫಿಲ್ಮಿನಲ್ಲಿ ಇದೆ, ದೊಡ್ಡ ಡಾಕ್ಟರ ಕೈಗೆ ಸಿಕ್ಕಿಲ್ಲ, ಇರುವುದು ಕೆಟ್ಟದ್ದೇ ಎಂದು ನಾನೂ ಖಂಡಿತವಾಗಿ ಹೇಳಲಾರೆ, ತೆಗೆದು ನೋಡಿದರೆ ತಿಳಿಯುತ್ತದೆ. ಸೊಸೆ ಅಷ್ಟರಲ್ಲೇ ಅಳತೊಡಗಿದ್ದಳು. ಆಯಿ ಅವಳನ್ನು ಸುಮ್ಮನಿರಿಸಿ ಕೇಳಿದರು.

"ಆ ಡಾಕ್ಟರಗ ಸಿಗಲಿಲ್ಲಾ?"

"ಇಲ್ಲ ಆಯಿ."

"ಗಂಡಸಲಾ ಅಂವಾ. ನಮ್ಮ ಮನಿಯವ್ರಿಗೂ ಹಂಗ. ಕಣ್ಣ ಮುಂದ ಇದ್ರೂ ಏನೂ ಸಿಗತಿದ್ದಿಲ್ಲ. ಚಸ್ಮಾ ಹಣಿ ಮ್ಯಾಲ ಇಟ್ಕೊಂಡ ಮನಿಯೆಲ್ಲಾ ಹುಡುಕ್ತಿದ್ರು." ಸೀರೆಯ ಸೆರಗು ಸಿಕ್ಕಿಸಿಕೊಂಡರು. "ನಿಮಗ ಕಂಡೈತಿ ಅಂದ್ರ ಐತಿ. ತೆಗೀರಿ."

ಮುಂಬಯಿಯ ಸರ್ಟಿಫಿಕೇಟಾಗಲಿ, ಫಿಲ್ಮಾಗಲಿ, ಮುಖ್ಯಸ್ಥರ ಮಾತಾಗಲಿ ಕೆಲಸ ಮಾಡಿರಲಿಲ್ಲ. ತೀರಿಹೋದ ಒಬ್ಬ ಗಂಡಸಿನ ಕನ್ನಡಕ ಕೆಲಸ ಮಾಡಿತು.

ಆಪರೇಶನ್ ದಿನ ಕರೆಂಟು ಹೋಗದಿರಲಿ ಎಂದು ಬೆಳಿಗ್ಗೆ ಬೇಗ ಇಟ್ಟುಕೊಂಡೆವು. ಫಿಲ್ಮಿನಲ್ಲಿ ಅಳತೆ ತೆಗೆದು, ಜಾಗ ಮರಗಟ್ಟಿಸಿ, ಸೂಜಿ ಚುಚ್ಚಿದೆ. ಇನ್ನೊಂದು ಫಿಲ್ಮು ತೆಗೆದು ಸೂಜಿಯ ತುದಿ ಕಾಳುಗಳ ಬಳಿ ಇದೆ ಎಂದು ನೋಡಿಕೊಂಡೆ. ಸೂಜಿ ಹಾಗೇ ಇಟ್ಟುಕೊಂಡು ಆಯಿ ಥಿಯೇಟರಿಗೆ ಹೋದರು. ಸ್ಟ್ರೆಚರ್ ಬೇಡ, ನಡೆದೇ ಹೋಗುತ್ತೇನೆ ಎಂದು ಹಟ ಮಾಡಿದರು.

ಸ್ವಲ್ಪ ಹೊತ್ತಿಗೆ ಕೊಯ್ದು ತೆಗೆದ ತುಣುಕು ಸ್ಟೀಲ್ ಬಟ್ಟಲಿನಲ್ಲಿ ನನ್ನ ಹತ್ತಿರ ಬಂತು. ಅದನ್ನೇ ಯಂತ್ರದಡಿ ಇಟ್ಟು ಫಿಲ್ಮು ತೆಗೆದು ಡಾರ್ಕ್ ರೂಮಿಗೆ ಹೋದೆ. ಕೆಂಪು ದೀಪದಡಿ ದ್ರಾವಣದಲ್ಲಿ ಫಿಲ್ಮು ಆಡಿಸುತ್ತ ಕಾಳುಗಳು ಇರಲಿ ಎಂದು ಬಯಸುತ್ತಿದ್ದೆ. ಒಬ್ಬ ಹೆಂಗಸಿಗೆ ಕೆಟ್ಟದ್ದು ಇರಲಿ ಎಂದು ಬಯಸುವ ಕೆಲಸ ನನ್ನದಾಯಿತಲ್ಲ ಎನ್ನಿಸಿತು. ಹೇಗಿದ್ದರೂ ಅವರ ಮೈಯಲ್ಲಿ ಅವು ಇವೆ, ಇರುವುದು ಈ ತುಣುಕಿನಲ್ಲೇ ಇರಲಿ, ಅಷ್ಟೇ ನಾನು ಕೇಳುತ್ತಿರುವುದು ಎಂದು ನನಗೆ ನಾನೇ ಹೇಳಿಕೊಂಡೆ.

ಫಿಲ್ಮು ಬಂತು. ಕಾಳುಗಳು ಇರಲಿಲ್ಲ.

ಥಿಯೇಟರಿನ ಬಾಗಿಲಿಗೆ ಹೋಗಿ ನಿಂತೆ. ಸರ್ಜನ್ ಗಾಯ ತೆರೆದಿಟ್ಟು ಕಾಯುತ್ತಿದ್ದರು.

"ಇಲ್ಲ ಸರ್."

"ಇಲ್ಲಂದ್ರ?"

"ಇನ್ನೂ ಒಳಗ ಅದಾವ. ಸೂಜಿ ಮಗ್ಗಲಾ, ತೋಳಿನ ಬಾಜೂ, ಸ್ವಲ್ಪ ಮ್ಯಾಲ."

ಅವರು ಮಾಸ್ಕಿನ ಮೇಲಿಂದ ನನ್ನನ್ನು ನೋಡಿದರು. ಈಗ ಹೊಲಿದುಬಿಡುತ್ತಾರೆ, ಈ ಯಂತ್ರದ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ತಲೆ ತಗ್ಗಿಸಿ ನಾನು ಹೇಳಿದ ಕಡೆ ಮತ್ತೆ ಕೈ ಹಾಕಿದರು.

ಎರಡನೆಯ ತುಣುಕಿನಲ್ಲಿ ಕಾಳುಗಳು ಇದ್ದವು. ಗುಂಪು ಪೂರ್ತಿ, ಒಂದೂ ಅಂಚಿಗೆ ತಾಗದಂತೆ ನಡುವೆ. ನೀರು ಸೋರುವ ಫಿಲ್ಮನ್ನು ಹಾಗೇ ಹಿಡಿದುಕೊಂಡು ಓಡಿಹೋಗಿ ಬಾಗಿಲಲ್ಲಿ ಎತ್ತಿ ತೋರಿಸಿದೆ. ಸರ್ಜನ್ ನೋಡಿ, "ನೆಲಾ ತೊಯ್ಸಬ್ಯಾಡ್ರಿ ಮೇಡಂ" ಎಂದರು.

ತುಣುಕು ಪರೀಕ್ಷೆಗೆ ಹೋಗಿ ವರದಿ ಬರುವವರೆಗೆ ಕೆಲವು ದಿನ ಕಾದೆವು. ಕ್ಯಾನ್ಸರೇ ಆಗಿತ್ತು. ಹಾಲಿನ ನಾಳಗಳ ಒಳಗೇ ಇತ್ತು, ಗೋಡೆ ದಾಟಿ ಹೊರಗೆ ಹೋಗಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಅಷ್ಟು ಬೇಗ ಸಿಕ್ಕದ್ದನ್ನು ಅದಕ್ಕೂ ಮೊದಲು ಯಾರೂ ನೋಡಿರಲಿಲ್ಲ. ಆಗಿನ ಪದ್ಧತಿಯಂತೆ ಆ ಕಡೆಯದನ್ನು ಪೂರ್ತಿ ತೆಗೆಯಬೇಕಿತ್ತು. ಹೇಳುವ ಕೆಲಸ ಸರ್ಜನರದು, ಆದರೆ ಆಯಿ ಫೋಟೋ ಬಾಯಿಯೇ ಹೇಳಲಿ ಎಂದು ಹಟ ಹಿಡಿದರು.

ಮಂಚದ ಪಕ್ಕ ಕುಳಿತು ಹೇಳಿದೆ. ಆಯಿ ಕಿಟಕಿಯ ಆಚೆ ಮಳೆ ನೋಡತೊಡಗಿದರು. ಮೊದಲ ಸಲ ಅವರ ಮುಖದಲ್ಲಿ ಹೆದರಿಕೆ ಕಂಡೆ. ಕೈ ಹಿಡಿದೆ, ಬಿಡಿಸಿಕೊಳ್ಳಲಿಲ್ಲ.

"ಸಾಯ್ತೀನೇನ್ರಿ ಬಾಯಿ?"

"ಇದರಿಂದ ಸಾಯೂದಿಲ್ಲ ಅಂತ ನನಗ ಅನಸ್ತೈತಿ ಆಯಿ."

"ಅನಸ್ತೈತಿ ಅಂತೀರಿ."

"ಅಷ್ಟ ಹೇಳಾಕ ಬರ್ತೈತಿ ನನಗ."

ಸೊಸೆ ಕಾಲ ಬಳಿ ಕುಳಿತು ಬಿಕ್ಕುತ್ತಿದ್ದಳು. ತನಗೆ ಬರಬೇಕಾದದ್ದು ಅತ್ತೆಗೆ ಬಂತು, ತನ್ನನ್ನು ಕರೆದುಕೊಂಡು ಬಂದದ್ದಕ್ಕೇ ಇದೆಲ್ಲ ಆಯಿತು ಎಂದು ಏನೇನೋ ಅನ್ನುತ್ತಿದ್ದಳು. ಅವಳ ಗಂಟನ್ನು ಅಷ್ಟರಲ್ಲಿ ತೆಗೆದಾಗಿತ್ತು, ಅದರಲ್ಲಿ ಏನೂ ಇರಲಿಲ್ಲ.

"ಗಪ್ ಬಸ್" ಎಂದು ಆಯಿ ಅವಳನ್ನು ಸುಮ್ಮನಾಗಿಸಿದರು. "ನಿನ್ನ ಗಂಟ ಇದ್ದಿದ್ದಿಲ್ಲಂದ್ರ ನಾ ಯಾಕ ಇಲ್ಲಿ ಬರ್ತಿದ್ದೆ? ಭಟ್ಟಿ ಮುಂದ ಕುಂತಿರ್ತಿದ್ದೆ. ಅಳೂದ ಬಿಟ್ಟ ಊಟಾ ಮಾಡಿ ಬಾ ಹೋಗ."

ಆಪರೇಶನ್ ಆಯಿತು. ಗಾಯ ಚೆನ್ನಾಗಿ ಮಾಯಿತು. ಡ್ರೆಸ್ಸಿಂಗ್ ಮಾಡುವಾಗ ನರ್ಸುಗಳು ಬೇಡವೆಂದರೂ ಸೊಸೆಯೇ ಮುಂದೆ ನಿಂತಿರುತ್ತಿದ್ದಳು, ಒಮ್ಮೆಯೂ ಮುಖ ತಿರುಗಿಸಲಿಲ್ಲ. ಮನೆಗೆ ಹೋದ ಮೇಲೆ ಆಯಿ ಕುಪ್ಪಸದ ಒಂದು ಕಡೆ ಹಳೆಯ ಸೀರೆಯ ತುಂಡನ್ನು ಮಡಿಚಿ ಹೊಲಿಸಿಕೊಂಡರಂತೆ. ನೋಡಿದವರಿಗೆ ತಿಳಿಯುತ್ತಿರಲಿಲ್ಲ, ಆದರೆ ಆಯಿ ಎಲ್ಲರಿಗೂ ಹೇಳುತ್ತಿದ್ದರು. ಬ್ಯಾಂಕಿನ ಸಾಲಿನಲ್ಲಿ ನಿಂತು ನನ್ನವರಿಗೆ ಕೇಳಿಸುವಂತೆಯೂ ಹೇಳುತ್ತಿದ್ದರಂತೆ. ನನ್ನವರು ರಬ್ಬರ್ ಸ್ಟಾಂಪಿನತ್ತ ನೋಡುತ್ತ ಕುಳಿತಿರುತ್ತಿದ್ದರು.

ಆಮೇಲೆ ಖಾನಾಪುರದಿಂದ ಹೆಂಗಸರು ಬರತೊಡಗಿದರು. ಬೋರ್ಡು ನೋಡಿ ಯಾರೂ ಬರಲಿಲ್ಲ. ಗೇಟಿನ ಹತ್ತಿರ ಇಳಿದು, "ಒತ್ತೂ ಖೋಲಿ ಎಲ್ಲೈತ್ರಿ?" ಎಂದು ಕೇಳುತ್ತಿದ್ದರು. ಅದು ಆಯಿ ಇಟ್ಟ ಹೆಸರು. ವಾಚ್‌ಮನ್ ಮೊದಲು ತಬ್ಬಿಬ್ಬಾಗಿ ಬಟ್ಟೆ ಇಸ್ತ್ರಿ ಮಾಡುವ ಕಡೆ ಕಳಿಸಿದ. ಕೆಲವು ದಿನಗಳಲ್ಲಿ ಅವನಿಗೂ ರೂಢಿಯಾಯಿತು. ಡಾಕ್ಟರುಗಳೂ ಹಾಗೇ ಅನ್ನತೊಡಗಿದರು. ಕಮಿಟಿಯ ಹಿರಿಯರೇ 'ಒತ್ತೂ ಖೋಲಿಯ ಫ್ಯಾನ್ ರಿಪೇರಿ' ಎಂದು ಬರೆದ ಚೀಟಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಂದವರಲ್ಲಿ ಹೆಚ್ಚಿನವರಿಗೆ ಏನೂ ಇರುತ್ತಿರಲಿಲ್ಲ. ಕೆಲವರಿಗೆ ಇರುತ್ತಿತ್ತು. ಎಲ್ಲರನ್ನೂ ಉಳಿಸಿದೆವು ಎಂದು ಹೇಳುವಂತಿಲ್ಲ. ಸರ್ಜನ್ ಆ ದಿನದ ಬಗ್ಗೆ ಎಂದೂ ಮಾತೆತ್ತಲಿಲ್ಲ. ಆದರೆ ಕೈಗೆ ಏನೂ ಸಿಗದ ರೋಗಿಗಳನ್ನೂ ನನ್ನ ಹತ್ತಿರ ಕಳಿಸತೊಡಗಿದರು. ಚೀಟಿಯ ಮೇಲೆ 'ನೀವು ನೋಡಿ' ಎಂದಷ್ಟೇ ಇರುತ್ತಿತ್ತು.

ಅಪ್ಪ ಒಮ್ಮೆ ಅಂಗಡಿಗೆ ಬಂದ ಖಾನಾಪುರದ ಗಿರಾಕಿಗಳಿಂದ ಈ ಸಂಗತಿ ಕೇಳಿ ತಿಳಿದುಕೊಂಡರು. ಅಂದು ರಾತ್ರಿ ತವರಿನಲ್ಲಿ ಊಟಕ್ಕೆ ಕುಳಿತಾಗ, "ಬರೇ ನೋಡಿ ಹಿಡದಿಯಂತಲ್ಲವಾ" ಎಂದರು. ಹೂಂ ಎಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಎಂಬತ್ತರ ದಶಕ ಮುಗಿಯುವವರೆಗೂ ಆಯಿ ವರ್ಷಕ್ಕೊಮ್ಮೆ ಉಳಿದ ಬಲಗಡೆಯದನ್ನು ತೋರಿಸಲು ಬರುತ್ತಿದ್ದರು. ಜೊತೆಗೆ ಸೊಸೆ, ಆಮೇಲೆ ಸೊಸೆಯ ಕಂಕುಳಲ್ಲಿ ಮಗಳು. ಮೊದಲ ವರ್ಷ ಫಿಲ್ಮು ನೋಡಿ ನಾನು ಹೊರಗೆ ಬಂದು, "ಏನೂ ಇಲ್ಲ ಆಯಿ" ಎಂದೆ.

ಆಯಿಗೆ ಸಮಾಧಾನವಾಗಲಿಲ್ಲ. "ಏನೂ ಇಲ್ಲಾ? ಮುಂಜಾನಿ ಎದ್ದ ಗಾಡಿ ಹಿಡದ ಬಂದೀವಿ."

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

"ನಗಬ್ಯಾಡ" ಎಂದು ಆಯಿ ಅವಳನ್ನು ಗದರಿ, ನನ್ನ ಕಡೆ ತಿರುಗಿ, "ನನಗೂ ತೋರ್ಸ್ರಿ ನೋಡೂಣು" ಎಂದರು.

ಒಳಗೆ ಕರೆದು ಬೆಳಕಿನ ಪೆಟ್ಟಿಗೆಯ ಮುಂದೆ ಕುಂದರಿಸಿ ಭೂತಗನ್ನಡಿ ಕೈಗೆ ಕೊಟ್ಟೆ. ಹೇಗೆ ಹಿಡಿಯುವುದು, ಎಲ್ಲಿಂದ ಶುರು ಮಾಡುವುದು ಹೇಳಿಕೊಟ್ಟೆ. ಆಯಿ ಒಂದು ಕಣ್ಣು ಮುಚ್ಚಿ, ಮೂಗು ಫಿಲ್ಮಿಗೆ ತಾಗುವಷ್ಟು ಬಾಗಿ, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. ಹೊರಗೆ ಬೇರೆಯವರು ಕಾಯುತ್ತಿದ್ದರು. ನಾನು ಅವಸರ ಮಾಡಲಿಲ್ಲ.

"ಏನೂ ಕಾಣವಲ್ದು" ಎಂದರು ಕೊನೆಗೆ.

"ಅದನ್ನ ನಾನೂ ಹೇಳಿದ್ದು."

"ಹೂಂ. ಈಗ ಒಪ್ಪಿಗಿ ಆತು" ಎಂದು ಕನ್ನಡಿ ನನ್ನ ಕೈಗೆ ಕೊಟ್ಟು ಎದ್ದರು. ಮಧ್ಯಾಹ್ನದ ಪ್ಯಾಸೆಂಜರ್ ಸಿಕ್ಕರೆ ಸಂಜೆಯೊಳಗೆ ಊರು ಸೇರಬಹುದು ಎಂದು ಸೊಸೆಯನ್ನು ಅವಸರಿಸುತ್ತ ಇಬ್ಬರೂ ಗೇಟಿನ ಕಡೆ ನಡೆದರು.